ಯಾರು ದಡ್ಡರು?

ಏಳನೇ ಕ್ಲಾಸಿನವರೆಗೆ ಚೆನ್ನಾಗಿಯೇ ಓದುತ್ತಿದ್ದ ಹುಡುಗ ಎಂಟು, ಒಂಬತ್ತಕ್ಕೆ ಬಂದ ಮೇಲೆ ಮಂಕಾಗುತ್ತಾನೆ. ಲೆಕ್ಕದ ಪುಸ್ತಕ ಮುಟ್ಟುವುದಿಲ್ಲ. ಸ್ಕೂಲಿಗೆ ಹೊರಟವನು ಕೆರೆ ಏರಿಯ ಮೇಲೆ ಕೂತು ಹೊತ್ತು ಕಳೆಯುತ್ತಾನೆ. ಹುಡುಗಿಯಾದರೆ ಹೊಟ್ಟೆನೋವು ಅಂತ ಮನೆಯಲ್ಲೇ ಉಳಿಯುತ್ತಾಳೆ. ಮೇಷ್ಟ್ರು ‘ದಡ್ಡ’ ಅಂತಾರೆ. ಅಪ್ಪ ‘ನಮ್ಮೋರ ತಲೆಗೆ ಇದೆಲ್ಲ ಹತ್ತಲ್ಲ ಬಿಡಿ ಸಾ, ಗಾರೆ ಕೆಲಸಕ್ಕೆ ಹಾಕ್ತೀನಿ’ ಅಂತಾನೆ. ಎರಡೂ ಒಂದೇ ಮಾತು. ಮೇಷ್ಟ್ರದು ಮೇಲಿನಿಂದ ಬಂದದ್ದು. ಅಪ್ಪನದು ತಲೆಮಾರುಗಳಿಂದ ಅದನ್ನೇ ಕೇಳಿ ಕೇಳಿ ನಿಜವೆಂದು ನಂಬಿದ್ದು.

ಗೆಳೆಯರೇ, ಓದು ಇದ್ದಕ್ಕಿದ್ದಂತೆ ಕಷ್ಟವಾದರೆ ಅದು ಆ ಮಗುವಿನ ತಪ್ಪೇ?

ಮೊದಲನೆಯದಾಗಿ, ಅದು ಇದ್ದಕ್ಕಿದ್ದಂತೆ ಆದದ್ದಲ್ಲ. ಐದನೇ ಕ್ಲಾಸಿನಲ್ಲಿ ಭಿನ್ನರಾಶಿ ಹೇಳಿಕೊಡುವಾಗ ಅವ್ವ ಅಪ್ಪ ಬೆಂಗಳೂರಿಗೆ ಕೂಲಿಗೆ ಹೋಗಿದ್ದರು, ಇವನು ತಂಗಿಯನ್ನು ಎತ್ತಿಕೊಂಡು ಮನೆ ಕಾಯುತ್ತಿದ್ದ. ಆ ಮೆಟ್ಟಿಲು ಅಲ್ಲೇ ತಪ್ಪಿತು. ಬೀಜಗಣಿತ ಬಂದಾಗ ಬಿದ್ದ. 2009ರ ಶಿಕ್ಷಣ ಹಕ್ಕು ಕಾಯಿದೆ ಎಂಟನೇ ಕ್ಲಾಸು ಮುಗಿಯುವವರೆಗೆ ಯಾರನ್ನೂ ಹಿಂದೆ ನಿಲ್ಲಿಸಬಾರದು ಅಂದಿತು. 2019ರ ತಿದ್ದುಪಡಿ ಐದರಲ್ಲಿ, ಎಂಟರಲ್ಲಿ ಪರೀಕ್ಷೆ ಮಾಡಿ ನಿಲ್ಲಿಸಲು ಸರ್ಕಾರಗಳಿಗೆ ಅವಕಾಶ ಕೊಟ್ಟಿತು. ಮುಂದೆ ದೂಡುವುದು ಸುಲಭ, ಹಿಂದೆ ನಿಲ್ಲಿಸುವುದೂ ಸುಲಭ. ತಪ್ಪಿದ್ದನ್ನು ಕೂತು ಕಲಿಸುವವರು ಯಾರು?

ಮುಕ್ಕಾಲು ದಿನದ ಕೂಲಿ ಎಷ್ಟೆಂದು ಬಾಯಲ್ಲೇ ಹೇಳುವ ಹುಡುಗ ಬೋರ್ಡಿನ ಮೇಲೆ 3/4 ಕಂಡರೆ ಬೆಚ್ಚುತ್ತಾನೆ. ಎಲೆ ಬಿಸಿಲಿನಿಂದ ತನ್ನ ಅನ್ನ ತಾನೇ ಮಾಡಿಕೊಳ್ಳುತ್ತದೆ ಅಂದರೆ ಹೊಲದಲ್ಲಿ ಬೆಳೆದ ಹುಡುಗಿಗೆ ತಿಳಿಯುತ್ತದೆ. ‘ದ್ಯುತಿಸಂಶ್ಲೇಷಣೆ’ ಅಂದರೆ ನಾಲಿಗೆ ಏಳುವುದಿಲ್ಲ. ಆ ಪದವನ್ನು ಹೇಗೋ ಉರು ಹೊಡೆದು ಪಿಯುಸಿ ವಿಜ್ಞಾನಕ್ಕೆ ಹೋದರೆ ಅಲ್ಲಿ ಎಲ್ಲವೂ ಇಂಗ್ಲಿಷು. ಗೊತ್ತಿರುವುದೂ ಗೊತ್ತಿಲ್ಲದಂತಾಗುತ್ತದೆ. ಇದನ್ನು ದಡ್ಡತನ ಅನ್ನುವುದು ಅನ್ಯಾಯ.

ಹಾಗಂತ ಕನಿಕರವೂ ಬೇಡ. ‘ಪಾಪ, ನಮ್ಮ ಹುಡುಗ, ಇಷ್ಟು ಬಂದರೆ ಸಾಕು’ ಅನ್ನುವವರಿದ್ದಾರೆ. ಪರೀಕ್ಷೆಯಲ್ಲಿ ಉತ್ತರ ಹೇಳಿಕೊಟ್ಟು ದಾಟಿಸುವವರೂ ಇದ್ದಾರೆ. ‘ನಿನ್ನ ಕೈಲಿ ಆಗಲ್ಲ’ ಅನ್ನುವುದನ್ನೇ ಮೆತ್ತಗೆ ಹೇಳುವ ರೀತಿ ಅದು. ಬೈಗುಳ ಮಗುವಿನ ಮಾನ ಕಳೆಯುತ್ತದೆ, ಇಂಥ ಕನಿಕರ ಅದರ ಹಕ್ಕನ್ನೇ ಕಳೆಯುತ್ತದೆ. ಕಲಿಯುವುದು ಅದರ ಹಕ್ಕು.

ಮುಂಬಯಿಯ ಪರೇಲಿನ ಚಾಳಿನಲ್ಲಿ ಬಾಬಾಸಾಹೇಬರ ಕುಟುಂಬಕ್ಕೆ ಇದ್ದದ್ದು ಒಂದೇ ಕೋಣೆ. ಮಲಗಲು ಜಾಗವಿಲ್ಲ, ಓದಲು ಜಾಗವಿಲ್ಲ. ಅಪ್ಪ ರಾಮ್‌ಜಿ ಮಗನನ್ನು ಬೇಗ ಮಲಗಿಸಿ, ರಾತ್ರಿ ಎರಡು ಗಂಟೆಯವರೆಗೆ ತಾವು ಎದ್ದಿದ್ದು, ಆಮೇಲೆ ಅವನನ್ನು ಓದಲು ಎಬ್ಬಿಸಿ ತಾವು ಮಲಗುತ್ತಿದ್ದರು. 1907ರಲ್ಲಿ ಆ ಮಗ ಮೆಟ್ರಿಕ್ ಪಾಸಾದ. ಸಂಸ್ಕೃತ ಓದುವ ಆಸೆಯಿತ್ತು, ಶಾಲೆ ಅವಕಾಶ ಕೊಡಲಿಲ್ಲ, ಪರ್ಷಿಯನ್ ಓದಬೇಕಾಯಿತು. ಅಲ್ಲಿ ಕೊರತೆ ಯಾರದು, ಹುಡುಗನದೋ ಶಾಲೆಯದೋ?

ರಾಮ್‌ಜಿ ಅಕ್ಷರಸ್ಥರು, ಸೈನ್ಯದ ಶಾಲೆಯಲ್ಲಿ ಪಾಠ ಹೇಳಿದವರು, ನಮ್ಮವ್ವನಿಗೆ ಹೆಬ್ಬೆಟ್ಟೇ ಗತಿ ಅನ್ನಬಹುದು. ನಿಜ. ಆದರೆ ಆ ರಾತ್ರಿಗಳಲ್ಲಿ ಅವರು ಮಾಡಿದ್ದು ಎಚ್ಚರವಿದ್ದದ್ದು. ಅದಕ್ಕೆ ಅಕ್ಷರ ಬೇಕಿಲ್ಲ. ‘ಇವತ್ತು ಏನ್ ಕಲ್ತೆ, ನಂಗೂ ಹೇಳು ಮಗಾ’ ಅಂತ ಅವ್ವ ಒಲೆ ಮುಂದೆ ಕೂತು ಕೇಳಿದರೆ, ಹೇಳುತ್ತಾ ಹೇಳುತ್ತಾ ಎಲ್ಲಿ ತಪ್ಪಿದೆ ಎಂದು ಮಗುವಿಗೇ ಗೊತ್ತಾಗುತ್ತದೆ.

ಉಳಿದದ್ದು ನಮ್ಮ ಕೆಲಸ, ಅಂದರೆ ನಾಲ್ಕಕ್ಷರ ಕಲಿತು ಮೇಲೆ ಬಂದವರದು. ಮೊದಲು ಬೋರ್ಡು ಕಾಣುತ್ತದೆಯೇ ಕೇಳಿ. ಈ ವಯಸ್ಸಿನಲ್ಲಿ ದೂರದ ದೃಷ್ಟಿ ಮಂಜಾಗುವುದು ಸಾಮಾನ್ಯ. ಒಂದು ಕನ್ನಡಕವಿಲ್ಲದೆ ದಡ್ಡರಾದವರಿದ್ದಾರೆ. ಬೆಳಿಗ್ಗೆ ಉಂಡು ಬಂದಿದೆಯೇ, ಮನೆಯಲ್ಲಿ ಕುಡಿತದ ಗಲಾಟೆಯಿದೆಯೇ, ಕ್ಲಾಸಿನಲ್ಲಿ ಯಾರಾದರೂ ಜಾತಿ ಹಿಡಿದು ಆಡಿಕೊಳ್ಳುತ್ತಾರೆಯೇ, ಕೇಳಿ. ಆಮೇಲೆ ‘ನಿಂಗೆ ಚೆನ್ನಾಗಿ ಅರ್ಥವಾದ ಕೊನೇ ಲೆಕ್ಕ ಯಾವುದು?’ ಅನ್ನಿ. ಅದು ಐದನೇ ಕ್ಲಾಸಿನದಾದರೆ ಅಲ್ಲಿಂದಲೇ ಹಿಡಿಯಿರಿ. ನಾಲ್ಕು ಜನರ ಮುಂದೆ ಬೇಡ, ಅದಕ್ಕೆ ನಾಚಿಕೆಯಾಗುತ್ತದೆ. ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ದಿನಾ ಆಗಬೇಕು.

ನಾವು ಪದ್ಯ ಬರೆಯುತ್ತೇವೆ, ಮೈಕು ಹಿಡಿಯುತ್ತೇವೆ, ಅಂಬೇಡ್ಕರ್ ಜಯಂತಿ ಮಾಡುತ್ತೇವೆ. ಅವೂ ಬೇಕು. ಆದರೆ ನಮ್ಮ ಕೇರಿಯ ಆ ಹುಡುಗ ಇನ್ನೂ ಏರಿಯ ಮೇಲೆ ಕೂತಿದ್ದಾನೆ. ಇವತ್ತು ಸಂಜೆಯೇ ಹೋಗಿ ಅವನ ಪಕ್ಕದಲ್ಲಿ ಕೂರೋಣ, ಪುಸ್ತಕದ ಸಮೇತ.