ಕೊಡುವವರ ಅಳತೆ

ನಮ್ಮ ದೊಡ್ಡಮ್ಮನಿಗೆ ಒಂದು ಫೋನು ಕೊಡಿಸಬೇಕೆಂದು ನಾವು ತೀರ್ಮಾನಿಸಿದ್ದು ಒಂದು ಮದುವೆಯ ಮನೆಯಲ್ಲಿ, ಊಟ ಮುಗಿದು ಎಲೆಯಡಿಕೆಯ ತಟ್ಟೆ ಬಂದ ಹೊತ್ತಿನಲ್ಲಿ. ಅವರಿಗೆ ಎಪ್ಪತ್ತನಾಲ್ಕು ವರ್ಷ. ತೀರ್ಥಹಳ್ಳಿಯ ಕಡೆ ಹಳೆಯ ಮನೆಯಲ್ಲಿ ಒಬ್ಬರೇ ಇದ್ದಾರೆ. ಬೆಂಗಳೂರಿನಲ್ಲಿರುವ ಅವರ ಮಗ, ಎಂದರೆ ನನ್ನ ಅಣ್ಣ, ದೊಡ್ಡ ಪರದೆಯ ಸ್ಮಾರ್ಟ್‌ಫೋನೇ ಆಗಬೇಕೆಂದ. ಮುಖ ನೋಡಿಕೊಂಡು ಮಾತನಾಡಬಹುದಲ್ಲ! ನಾನು ಗುಂಡಿ ಒತ್ತುವ ಸಾದಾ ಫೋನು ಸಾಕೆಂದೆ. ವಾದ ಅರ್ಧ ಗಂಟೆ ನಡೆಯಿತು. ದೊಡ್ಡಮ್ಮ ಪಕ್ಕದ ಕೋಣೆಯಲ್ಲಿಯೇ ಹೂವು ಕಟ್ಟುತ್ತ ಕುಳಿತಿದ್ದರು. ಅವರನ್ನು ಒಂದು ಮಾತು ಕೇಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ವಾದದಲ್ಲಿ ಗೆದ್ದವನು ನಾನು. ಸರಳವಾದ ವಸ್ತುವಿನ ಪರವಾಗಿ ಮಾತನಾಡುವುದು ನಮ್ಮ ದೇಶದಲ್ಲಿ ಯಾವಾಗಲೂ ಸುಲಭ. ಅದಕ್ಕೊಂದು ಸಾತ್ವಿಕ ಕಳೆಯಿದೆ. 2003ರಲ್ಲಿ ಬಂದ ನೋಕಿಯಾ 1100 ಎಂಬ ಫೋನನ್ನು ನಾನು ದೃಷ್ಟಾಂತವಾಗಿ ಎತ್ತಿಕೊಂಡೆ. ಧೂಳು ಒಳಗೆ ನುಗ್ಗದಂತೆ ಹೊದಿಕೆಯಿದ್ದ ಗುಂಡಿಗಳು, ಬೆವರಿದ ಕೈಯಿಂದ ಜಾರದ ಅಂಚು, ತಲೆಯ ಮೇಲೊಂದು ಪುಟ್ಟ ಟಾರ್ಚು. ಅದರಲ್ಲಿ ಬೇರೆ ವೈಭವವೇನೂ ಇರಲಿಲ್ಲ. ಆದರೂ ಲೋಕದಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಇನ್ನು ಮೋಸದ ಭಯ. ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ಮುದುಕರ ಹಣ ದೋಚುವವರ ವಿಷಯದಲ್ಲಿ 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ಬಾನುಲಿಯಲ್ಲಿ ಎಚ್ಚರಿಸಬೇಕಾಯಿತಲ್ಲವೇ? ಅಣ್ಣ ಸುಮ್ಮನಾದ. ಒಂದೂವರೆ ಸಾವಿರ ರೂಪಾಯಿಯೊಳಗೆ ಕೆಲಸ ಮುಗಿಯಿತೆಂಬ ಸಮಾಧಾನವೂ ನನಗಿತ್ತೆಂದು ಇಲ್ಲಿ ಒಪ್ಪಿಕೊಳ್ಳುವುದು ಒಳ್ಳೆಯದು.

ಆರು ತಿಂಗಳ ಮೇಲೆ ಊರಿಗೆ ಹೋದೆ. ಸಂಜೆಯಾಗುತ್ತಲೇ ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಪಕ್ಕದ ಮನೆಗೆ ಹೊರಟರು. ಮರಿಮಗುವಿನ ಚಿತ್ರಗಳು ಆ ಮನೆಯಾಕೆಯ ಫೋನಿಗೆ ಬರುತ್ತವಂತೆ. “ದಿನಾ ಹೋಗಿ ಕೇಳುವುದು ಸಂಕೋಚ ಮಾರಾಯ, ವಾರಕ್ಕೆರಡು ಸಲ ಹೋಗುತ್ತೇನೆ” ಎಂದರು. ಮರುದಿನ ಇನ್ನೊಂದು ಸಂಗತಿ ತಿಳಿಯಿತು. ಬ್ಯಾಂಕಿನಿಂದ ಇಂಗ್ಲಿಷಿನಲ್ಲಿ ಸಂದೇಶ ಬಂದಾಗಲೆಲ್ಲ ಅವರು ಫೋನನ್ನು ಒಯ್ದು ರಸ್ತೆಬದಿಯ ಅಂಗಡಿಯ ಹುಡುಗನ ಕೈಗೆ ಕೊಡುತ್ತಿದ್ದರು. ಅವನು ಎಲ್ಲರ ಎದುರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ: ಪಿಂಚಣಿ ಬಂದದ್ದು, ಉಳಿದದ್ದು, ಒಮ್ಮೊಮ್ಮೆ ಓಟಿಪಿ ಕೂಡ. ಹುಡುಗ ಸಂಭಾವಿತ, ಅದು ನಮ್ಮ ಪುಣ್ಯ. ದೂರದ ಕಳ್ಳನಿಂದ ಅವರನ್ನು ಕಾಪಾಡಲು ಹೊರಟ ನಾನು, ಅವರ ಗಂಟನ್ನು ಹತ್ತಿರದವರೆಲ್ಲರ ಮುಂದೆ ಬಿಚ್ಚಿಟ್ಟಿದ್ದೆ. ದೂರದ ಕಳ್ಳನಿಗೂ ತಡೆಯೇನು? ಅವನು ಮೊದಲು ಮಾಡುವುದು ಬರಿಯ ಕರೆ. ಕರೆ ಯಾವ ಫೋನಿಗೂ ಬರುತ್ತದೆ.

ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ದಾನದ ವಿಚಾರ ಬರುತ್ತದೆ. ದೇಶ, ಕಾಲ, ಪಾತ್ರಗಳನ್ನರಿತು ಕೊಟ್ಟದ್ದು ಸಾತ್ವಿಕ. ಅನಾದರದಿಂದ, ತಿರಸ್ಕಾರದಿಂದ ಕೊಟ್ಟದ್ದು ತಾಮಸ. ತರಗತಿಯಲ್ಲಿ ಇದನ್ನು ಹೇಳುವಾಗ ತಿರಸ್ಕಾರವೆಂದರೆ ಬಾಗಿಲಿಗೆ ಬಂದವನನ್ನು ಗದರಿಸಿ ಎಸೆಯುವ ಕಾಸು ಎಂದು ವಿವರಿಸುತ್ತಿದ್ದೆ. ಪ್ರೀತಿಯ ಉಡುಪನ್ನು ಹಾಕಿಕೊಂಡೂ ಅದು ಬರಬಹುದೆಂದು ಈಗ ತೋರುತ್ತದೆ. “ಪಾಪ, ಅವರಿಗೆ ಇಷ್ಟು ಸಾಕು” ಎಂಬ ಮಾತಿನಲ್ಲಿ ‘ಪಾಪ’ ಎಷ್ಟು, ‘ಸಾಕು’ ಎಷ್ಟು?

ನಾವು ‘ತಿಳಿಯದವರು’ ಎನ್ನುವ ಈ ದೊಡ್ಡಮ್ಮನಿಗೆ ತಿಳಿಯದ್ದು ಯಾವುದು? ಪಂಚಾಂಗ ತೆರೆದು ತಿಥಿ ನಕ್ಷತ್ರ ಹೇಳುತ್ತಾರೆ. ನನಗೆ ಅದರ ಕೋಷ್ಟಕ ಇಂದಿಗೂ ಬಿಡಿಸಲಾಗದ ಒಗಟು. ಹೊಲಿಗೆಯ ಯಂತ್ರವನ್ನು ತಾವೇ ಬಿಚ್ಚಿ ಎಣ್ಣೆ ಹಾಕಿ ಕೂಡಿಸುತ್ತಾರೆ. ಯಂತ್ರವೆಂದರೆ ಅಂಜುವ ಜೀವವಲ್ಲ. ಇಂಗ್ಲಿಷಿನಲ್ಲಿ ಮಾತನಾಡುವ, ತಪ್ಪಿದರೆ ಏನಾಯಿತೆಂದು ಹೇಳದ ಯಂತ್ರದ ಮುಂದೆ ಯಾರಾದರೂ ಅಂಜುತ್ತಾರೆ. ಅಂಥ ಯಂತ್ರಕ್ಕೆ ಕನ್ನಡ ಹಾಕಿ, ಅಕ್ಷರ ದಪ್ಪ ಮಾಡಿ, ಬೇಡದ ಚಿತ್ರಗಳನ್ನೆಲ್ಲ ತೆಗೆದು ನಾಲ್ಕೇ ನಾಲ್ಕು ಉಳಿಸಲು ಹತ್ತು ನಿಮಿಷ ಸಾಕು. ಕಲಿಸಲು ಮಾತ್ರ ಹತ್ತು ಮಧ್ಯಾಹ್ನಗಳಾದರೂ ಬೇಕು. ನಾನು ಉಳಿಸಿಕೊಂಡದ್ದು ಹಣವನ್ನಲ್ಲ, ಆ ಮಧ್ಯಾಹ್ನಗಳನ್ನು. ಇಪ್ಪತ್ತು ವರ್ಷ ಪಾಠ ಹೇಳಿದವನು ಹೀಗೆ ಮಾಡಿದೆನಲ್ಲ ಎಂದು ನಾಚಿಕೆಯಾಯಿತು.

ಹಾಗೆಂದು ಅಣ್ಣನ ಪಕ್ಷವೇ ಸರಿಯೆಂದೇನೂ ಅಲ್ಲ. ಅವನಿಗೆ ಬೇಕಾಗಿದ್ದುದು ತಾಯಿಯ ಮುಖ, ತನಗೆ ಬಿಡುವಾದಾಗ. ಸಾದಾ ಫೋನನ್ನು ಹೀಗಳೆಯುವಂತೆಯೂ ಇಲ್ಲ. ಅದರಿಂದಲೇ ಹಣ ಕಳಿಸಲೆಂದು ರಿಸರ್ವ್ ಬ್ಯಾಂಕು 2022ರ ಮಾರ್ಚ್ ತಿಂಗಳಲ್ಲಿ ಯುಪಿಐ 123ಪೇ ಎಂಬ ಏರ್ಪಾಡನ್ನು ಹೊರತಂದಿತು. ನನ್ನ ಸೋದರಮಾವನೊಬ್ಬರು ಮಕ್ಕಳು ಕೊಟ್ಟ ಬೆಲೆಬಾಳುವ ಫೋನನ್ನು ತಿಂಗಳೊಳಗೆ ಹಿಂದಕ್ಕೆ ಕೊಟ್ಟರು. “ಇದು ಕೂಸಿನ ಹಾಗೆ, ಕೂಗುತ್ತಲೇ ಇರುತ್ತದೆ. ಈ ವಯಸ್ಸಿನಲ್ಲಿ ನನ್ನಿಂದಾಗದು” ಎಂದರು. ಅವರು ಸೋತು ಕೊಟ್ಟದ್ದಲ್ಲ, ನೋಡಿ ಬೇಡವೆಂದದ್ದು. ದೊಡ್ಡಮ್ಮನಿಗೆ ನಾವು ತಪ್ಪಿಸಿದ್ದು ಈ ‘ನೋಡಿ’ ಎಂಬುದನ್ನು.

ಈ ದೀಪಾವಳಿಗೆ ಹೋದಾಗ ಕೊನೆಗೂ ಕೇಳಿದೆ: “ನಿಮಗೆ ಯಾವುದು ಬೇಕು ದೊಡ್ಡಮ್ಮ?” ಅವರು ನಕ್ಕು, “ಮೊದಲು ನಿನ್ನದನ್ನು ಕೊಡು, ನೋಡೋಣ” ಎಂದರು. ಒಂದಿಡೀ ಮಧ್ಯಾಹ್ನ ಅದನ್ನು ಹಿಡಿದು ಕುಳಿತರು. ನನ್ನ ಕಾಲೇಜಿನ ಪ್ರಾಂಶುಪಾಲರಿಗೆ ತಪ್ಪಿ ಒಂದು ಕರೆಯೂ ಹೋಯಿತು. ಇಬ್ಬರೂ ಅಡಿಕೆಯ ಧಾರಣೆಯ ವಿಷಯ ಮಾತನಾಡಿದರಂತೆ. ಸಂಜೆಗೆ ತೀರ್ಮಾನ ಹೇಳಿದರು. ಪಕ್ಕದ ಮನೆಯಾಕೆಯ ಹತ್ತಿರ ಇರುವಂಥದೇ ಬೇಕು, ಬೇರೆ ಬೇಡ; ಮರೆತರೆ ಕೇಳಬೇಕಾದದ್ದು ಆಕೆಯನ್ನು, ನನ್ನನ್ನಲ್ಲವಲ್ಲ! ಫೋನಿನ ಅಂಗಡಿಯಲ್ಲಾಗಲಿ ನಮ್ಮ ಅರ್ಧ ಗಂಟೆಯ ವಾದದಲ್ಲಾಗಲಿ ಈ ಮಾತನ್ನು ಯಾರೂ ಆಡಿರಲಿಲ್ಲ.

ಅಂಥದನ್ನೇ ತಂದುಕೊಟ್ಟು, ಹಳೆಯದನ್ನು ನಾನು ಒಯ್ಯುತ್ತೇನೆಂದೆ. ಕೊಡಲಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಮೂರು ದಿನವಾದರೂ ಬರುವುದಿಲ್ಲ, ಆಗ ಉಸಿರಾಡುವುದು ಇದೊಂದೇ ಎಂದು ಗುಂಡಿಯ ಫೋನನ್ನು ದೇವರ ಗೂಡಿನ ಪಕ್ಕದಲ್ಲಿಟ್ಟರು. ಕತ್ತಲಾದ ಮೇಲೆ ಅದರ ಟಾರ್ಚು ಹಚ್ಚಿಕೊಂಡು ಕೊಟ್ಟಿಗೆಗೆ ಹೋದರು.