ಹಂಚಿಕೆಯಲ್ಲಿ ಮರೆತುಹೋದವರು

(ಧ್ಯಾನಕ್ಕಾಗಿ: ಅಪೊಸ್ತಲರ ಕೃತ್ಯಗಳು 6ನೆಯ ಅಧ್ಯಾಯ, 1ರಿಂದ 7ನೆಯ ವಚನದ ವರೆಗೆ)



ಯೆರೂಸಲೇಮಿನ ಸಭೆಯಲ್ಲಿ ಉಂಟಾದ ಮೊದಲನೆಯ ಗುಣುಗುಟ್ಟುವಿಕೆಯು ಯಾವ ವಿಷಯವಾಗಿತ್ತು? ಉಪದೇಶದ ವಿಷಯವಲ್ಲ, ಹಿರಿತನದ ವಿಷಯವೂ ಅಲ್ಲ. ವಿಧವೆಯರ ಊಟದ ವಿಷಯವೇ. ಆ ಸಭೆಯಲ್ಲಿ ಅನ್ನಕ್ಕೆ ಕೊರತೆ ಇರಲಿಲ್ಲ. ಹೊಲ ಮನೆಗಳುಳ್ಳವರು ಅವುಗಳನ್ನು ಮಾರಿ ಹಣವನ್ನು ಅಪೊಸ್ತಲರ ಬಳಿಗೆ ತಂದದ್ದನ್ನು ಅದೇ ಪುಸ್ತಕದ 4ನೆಯ ಅಧ್ಯಾಯದಲ್ಲಿ ಓದುತ್ತೇವೆ. ಆದರೂ ಗ್ರೀಕ್ ಭಾಷೆಯನ್ನಾಡುವ ವಿಧವೆಯರಿಗೆ ಪಾಲು ಮುಟ್ಟದೆ ಹೋಯಿತು. ಹಂಚುವವರ ಮಾತು ಒಂದು, ಇವರ ಮಾತು ಇನ್ನೊಂದು. ಪಾತ್ರೆ ತುಂಬಿತ್ತು, ಆದರೆ ಕೆಲವರ ಎಲೆ ಬರಿದಾಗಿತ್ತು.

ಇದನ್ನು ಓದುವಾಗ ನಮ್ಮ ಹಳ್ಳಿಗಳ ವೃದ್ಧರು ನೆನಪಿಗೆ ಬರುವದಿಲ್ಲವೋ? 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 60 ವರುಷ ತುಂಬಿದವರು 10 ಕೋಟಿಗಿಂತ ಹೆಚ್ಚಾಗಿದ್ದರು. ಅವರಲ್ಲಿ 7 ಕೋಟಿಗೆ ಮೇಲ್ಪಟ್ಟವರು ಹಳ್ಳಿಗಳಲ್ಲಿಯೇ ಇದ್ದರು. ಇಂಥವರಿಗಾಗಿ ಸರಕಾರವು ಕೆಲವು ಸಹಾಯಗಳನ್ನು ಏರ್ಪಡಿಸಿ ಇಟ್ಟಿದೆ. ಆದರೆ ಒಬ್ಬ ಮುದುಕಿಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಗಂಡನು ತೀರಿಹೋಗಿದ್ದಾನೆ, ಮಗನು ಕೂಲಿಗಾಗಿ ಬೆಂಗಳೂರು ಸೇರಿದ್ದಾನೆ. ನಾಡಕಚೇರಿಯು ಎರಡು ಹರದಾರಿ ದೂರ. ಹೇಗೋ ಹೋಗಿ ಮುಟ್ಟಿದರೆ, ಆಧಾರ್ ಚೀಟಿಯಲ್ಲಿ ವಯಸ್ಸು ತಪ್ಪಾಗಿದೆ ಅನ್ನುತ್ತಾರೆ. ಕಳೆ ಕಿತ್ತು ಕಲ್ಲು ಹೊತ್ತು ಸವೆದುಹೋದ ಬೆರಳಿನ ಗುರುತನ್ನು ಯಂತ್ರವು ಒಪ್ಪುವದಿಲ್ಲ. ನಾಳೆ ಬಾ ಅನ್ನುತ್ತಾರೆ. ಎರಡು ಸಾರಿ ಹೋಗಿ ಬಂದವಳು ಮೂರನೆಯ ಸಾರಿ ಹೊರಡದೆ ಜಗಲಿಯ ಮೇಲೆ ಕೂತುಬಿಡುತ್ತಾಳೆ. ಕಣಜದಲ್ಲಿ ಧಾನ್ಯವುಂಟು, ಆಕೆಯ ಮೊರದಲ್ಲಿ ಇಲ್ಲ. ಆದದರಿಂದ ಈ ವಿಷಯದಲ್ಲಿ ನಾವು ಮಾಡತಕ್ಕದ್ದೇನೆಂದು ಮೂರು ಮಾತುಗಳಲ್ಲಿ ವಿಚಾರಿಸೋಣ.

ಮೊದಲನೆಯದಾಗಿ, ಈ ಭಾರವು ಮನೆಯವರದು. ಪೌಲನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ವಿಧವೆಯರ ವಿಷಯವಾಗಿ ಕ್ರಮವನ್ನು ಹೇಳುವಾಗ, ಮಕ್ಕಳು ಮೊಮ್ಮಕ್ಕಳಿದ್ದರೆ ಆ ಹೊಣೆಯನ್ನು ಅವರ ಮೇಲೆಯೇ ಮೊದಲು ಹೊರಿಸುತ್ತಾನೆ. ದಿಕ್ಕಿಲ್ಲದವಳನ್ನು ಸಭೆಗೆ ಒಪ್ಪಿಸುತ್ತಾನೆ. ದೇವರ ಕಾಣಿಕೆಯ ನೆವದಿಂದ ತಂದೆತಾಯಿಗಳ ಪಾಲನ್ನು ತಪ್ಪಿಸುತ್ತಿದ್ದವರನ್ನು ಕರ್ತನು ಹೇಗೆ ಗದರಿಸಿದನೆಂಬದು ಮಾರ್ಕನ 7ನೆಯ ಅಧ್ಯಾಯದಲ್ಲಿದೆ. ಸುಗ್ಗಿಯಲ್ಲಿ ಮೊದಲನೆಯ ಮೂಟೆಯನ್ನು ದೇವಾಲಯಕ್ಕೆ ಹೊತ್ತು ತಂದು, ಮನೆಯಲ್ಲಿ ತಾಯಿಗೆ ಹಿತ್ತಲ ಬಾಗಿಲಲ್ಲಿ ತಂಗಳನ್ನ ಹಾಕುವವನ ಕಾಣಿಕೆಯನ್ನು ದೇವರು ಮೆಚ್ಚುವನೋ?

ಈ ಹೊಣೆಯನ್ನು ದೇಶದ ಕಾನೂನೂ ಒಪ್ಪಿಕೊಂಡಿದೆ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಒಂದು ಕಾಯಿದೆಯು ಹುಟ್ಟಿತು. ತಮ್ಮ ಸಂಪಾದನೆಯಿಂದಲೂ ಆಸ್ತಿಯಿಂದಲೂ ಜೀವಿಸಲಾರದ ತಂದೆತಾಯಿಗಳು ಬೆಳೆದ ಮಕ್ಕಳಿಂದ ಜೀವನಾಂಶವನ್ನು ಕೇಳಬಹುದು. ಮಕ್ಕಳಿಲ್ಲದ ವೃದ್ಧರು ತಮ್ಮ ಆಸ್ತಿಗೆ ಬಾಧ್ಯರಾಗುವ ಬಂಧುಗಳಿಂದ ಕೇಳಬಹುದು. ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿಯವರ ಮುಂದೆ ಈ ಅರ್ಜಿಯು ವಿಚಾರಣೆಗೆ ಬರುತ್ತದೆ. ಎದುರು ಪಕ್ಷದವರಿಗೆ ನೋಟೀಸು ಮುಟ್ಟಿದ 90 ದಿವಸಗಳೊಳಗೆ ಅದು ತೀರ್ಮಾನವಾಗಬೇಕು. ವಿಶೇಷ ಕಾರಣವಿದ್ದರೆ ಇನ್ನು 30 ದಿವಸ ಬೆಳೆಸಬಹುದು. ವೃದ್ಧರು ತಾವೇ ಹೋಗಲಾರದಿದ್ದರೆ ಅವರು ಒಪ್ಪಿ ನೇಮಿಸಿದ ಬೇರೊಬ್ಬರು ಅವರ ಪರವಾಗಿ ಅರ್ಜಿಯನ್ನು ಕೊಡಬಹುದು.

ಇನ್ನೊಂದು ಎಚ್ಚರಿಕೆ. ಮಗನ ಹೆಸರಿಗೆ ಹೊಲವನ್ನು ದಾನಪತ್ರದಿಂದ ಬರೆದುಕೊಡುವ ಮುದುಕರು, ನಮ್ಮನ್ನು ಕೊನೆಯ ವರೆಗೆ ಪೋಷಿಸಬೇಕೆಂಬ ಷರತ್ತನ್ನು ಆ ಪತ್ರದಲ್ಲಿಯೇ ಬರೆಯಿಸಲಿ. ಹಾಗೆ ಬರೆದಿದ್ದು ಮಗನು ಅದನ್ನು ಮೀರಿದರೆ, ಆ ದಾನವನ್ನು ರದ್ದುಮಾಡುವ ಅಧಿಕಾರವು ಈ ಕಾಯಿದೆಯಲ್ಲಿ ಉಂಟು.

ನಮ್ಮ ಮನೆಗಳ ವ್ಯಾಜ್ಯವು ಅಲ್ಲಿಯ ವರೆಗೆ ಹೋಗದಿರಲಿ. ಸಭೆಯ ಹಿರಿಯರು ಮೊದಲು ಮಗನನ್ನೂ ಸೊಸೆಯನ್ನೂ ಕೂಡ್ರಿಸಿ ಬುದ್ಧಿ ಹೇಳಲಿ. ಆದರೆ ಸಭೆಯ ಮಾನ ಹೋಗುವದೆಂದು ಮುದುಕರ ಹಸಿವನ್ನೂ ಮೈಮೇಲಿನ ಪೆಟ್ಟನ್ನೂ ಮುಚ್ಚಿಡಬಾರದು. ಯೆರೂಸಲೇಮಿನಲ್ಲಿ ಗುಣುಗುಟ್ಟಿದವರ ಬಾಯನ್ನು ಅಪೊಸ್ತಲರು ಮುಚ್ಚಿಸಲಿಲ್ಲ, ತಪ್ಪಿದ್ದನ್ನು ಸರಿಪಡಿಸಿದರು.

ಎರಡನೆಯದಾಗಿ, ಪಾಲನ್ನು ಕೇಳುವದರಲ್ಲಿ ನಾಚಿಕೆಯಿಲ್ಲ. ನಮ್ಮ ಹಿರಿಯರಲ್ಲಿ ಅನೇಕರು, ನಾವು ದುಡಿದು ತಿಂದವರು, ಮುದಿಪ್ರಾಯದಲ್ಲಿ ಕೈಯೊಡ್ಡಬೇಕೋ? ಅನ್ನುತ್ತಾರೆ. ಪ್ರಿಯರೇ, ಬೇತ್ಲೆಹೇಮಿಗೆ ಬರಿಗೈಯಲ್ಲಿ ತಿರುಗಿ ಬಂದ ನೊವೊಮಿಯನ್ನು ನೋಡಿರಿ. ಹೊಲದ ಮೂಲೆಗಳನ್ನು ಪೂರ್ತಿಯಾಗಿ ಕೊಯ್ಯದೆ, ಬಿದ್ದ ತೆನೆಗಳನ್ನು ಆರಿಸದೆ, ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸಿತ್ತು. ರೂತಳು ಹಕ್ಕಲು ಆಯುವದಕ್ಕೆ ಹೊರಟಾಗ ನೊವೊಮಿಯು, ಇದು ನಮ್ಮ ಮನೆತನಕ್ಕೆ ಕುಂದೆಂದು ತಡೆಯಲಿಲ್ಲ, ಹೋಗಗೊಟ್ಟಳು. ಹಕ್ಕಲು ಭಿಕ್ಷೆಯಲ್ಲ, ಹೊಲದಲ್ಲಿ ದೇವರು ಬಡವನಿಗೆಂದು ಬಿಡಿಸಿದ ಪಾಲು. ಆ ಮನೆಯಲ್ಲಿ ಮುದುಕಿಗೆ ಬಂಧುಬಳಗದ ತಿಳುವಳಿಕೆಯಿತ್ತು, ಸೊಸೆಗೆ ನಡೆಯುವ ಕಾಲಿತ್ತು. ಎರಡೂ ಕೂಡಿದ್ದರಿಂದ ಒಲೆ ಹೊತ್ತಿತು.

ನಮ್ಮ ಕಾಲದ ಹಕ್ಕಲು ಯಾವದೆಂದು ತಿಳಿದುಕೊಳ್ಳೋಣ. 65 ವರುಷ ತುಂಬಿದ ಬಡವರಿಗಾಗಿ ಕರ್ನಾಟಕ ಸರಕಾರವು 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯನ್ನು ಆರಂಭಿಸಿತು. ಅದರ ಮಾಸಾಶನವನ್ನು 2021ರಲ್ಲಿ 1,000 ರೂಪಾಯಿಗಳಿಂದ 1,200ಕ್ಕೆ ಏರಿಸಿದರು. ಬೇರೆ ಪಿಂಚಣಿಯನ್ನು ಹೊಂದುವವರಿಗೆ ಇದು ಸಲ್ಲುವದಿಲ್ಲ. ಬಡತನದ ರೇಖೆಗಿಂತ ಕೆಳಗಿರುವ 60 ವರುಷದವರಿಗೆ ಇಂದಿರಾ ಗಾಂಧಿಯವರ ಹೆಸರಿನ ವೃದ್ಧಾಪ್ಯ ವೇತನವೂ, ನಿರ್ಗತಿಕರಾದ ವಿಧವೆಯರಿಗೆ ಬೇರೆ ವೇತನವೂ ಉಂಟು. ಊರುಗೋಲು, ಕಿವಿಯ ಯಂತ್ರ, ಕನ್ನಡಕ, ಕಟ್ಟಿಸಿದ ಹಲ್ಲು, ಗಾಲಿಕುರ್ಚಿ ಮುಂತಾದವುಗಳನ್ನು ಬಡ ವೃದ್ಧರಿಗೆ ಧರ್ಮಾರ್ಥವಾಗಿ ಕೊಡುವ ವಯೋಶ್ರೀ ಯೋಜನೆಯನ್ನು ಕೇಂದ್ರ ಸರಕಾರವು 2017ರಲ್ಲಿ ತೆರೆಯಿತು; ಇವುಗಳನ್ನು ಶಿಬಿರಗಳಲ್ಲಿ ಅಳತೆ ನೋಡಿ ಹಂಚುತ್ತಾರೆ. ಕಣ್ಣಿಗೆ ಪೊರೆ ಬಂದವರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಖರ್ಚಿಲ್ಲದೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಇನ್ನು ಕಣ್ಣೆಲ್ಲಿ ಬಂದೀತು, ಎಲ್ಲಾ ದೇವರ ಚಿತ್ತ ಎಂದು ಮೂಲೆಯಲ್ಲಿ ಕೂತಿರುವ ಅಜ್ಜನು ತಿರಿಗಿ ಮೊಮ್ಮಗಳ ಮುಖವನ್ನು ಕಂಡಾನು. ಮಾಡಬಹುದಾದ ಚಿಕಿತ್ಸೆಯನ್ನು ಮಾಡಿಸದೆ ಕುರುಡುತನವನ್ನು ದೇವರ ಮೇಲೆ ಹೊರಿಸುವದು ಭಕ್ತಿಯಲ್ಲ.

ಮೂರನೆಯದಾಗಿ, ಸಭೆಯು ಇವರಿಗೆ ಕಾಲಾಗಬೇಕು. ಅಪೊಸ್ತಲರು ವಿಧವೆಯರಿಗೆ ಆಶೀರ್ವಾದವನ್ನು ಮಾತ್ರ ಹೇಳಿ ಕಳುಹಿಸಿಬಿಡಲಿಲ್ಲ. ಒಳ್ಳೇ ಹೆಸರುಳ್ಳ ಏಳು ಮಂದಿಯನ್ನು ಆರಿಸಿರೆಂದರು. ಸ್ತೆಫನ, ಫಿಲಿಪ್ಪ ಮೊದಲಾದ ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ ಎಂಬದನ್ನು ಗಮನಿಸಿರಿ. ಮರೆತುಹೋದವರ ಮಾತನ್ನು ಬಲ್ಲವರ ಕೈಗೇ ಸೌಟು ಬಂತು.

ನಮ್ಮ ಚಿಕ್ಕ ಸಭೆಗಳಲ್ಲಿ ಏಳು ಮಂದಿ ಸಿಕ್ಕದಿದ್ದರೆ ಇಬ್ಬರು ಸಾಕು: ಓದು ಬರಹ ಬಲ್ಲ ಯೌವನಸ್ಥನೊಬ್ಬನು, ಮುದುಕಿಯರು ಮನಸ್ಸು ಬಿಚ್ಚಿ ಮಾತಾಡಬಹುದಾದ ಸ್ತ್ರೀಯೊಬ್ಬಳು. ಇವರು ಒಂದು ನೋಟುಪುಸ್ತಕವನ್ನು ಇಟ್ಟು 60 ವರುಷ ದಾಟಿದವರೆಲ್ಲರ ಹೆಸರನ್ನು ಬರೆದುಕೊಳ್ಳಲಿ. ಸಭೆಯವರದು ಮಾತ್ರವಲ್ಲ, ಆ ಕೇರಿಯವರದೂ ನೆರೆಯೂರಿನವರದೂ ಬರೆಯಲಿ. ಯಾಕಂದರೆ ದಾರಿಯಲ್ಲಿ ಬಿದ್ದವನ ಮತವನ್ನು ಆ ಸಮಾರ್ಯದವನು ವಿಚಾರಿಸಲಿಲ್ಲ. ಯಾರಿಗೆ ಯಾವ ವೇತನ ಬರುತ್ತದೆ, ಯಾರಿಗೆ ನಿಂತುಹೋಗಿದೆ, ಯಾರ ಕಾಗದ ತಪ್ಪಾಗಿದೆ ಎಂದು ವಿಚಾರಿಸಲಿ. ಆಧಾರ್ ಚೀಟಿ, ವಯಸ್ಸಿನ ದಾಖಲೆ, ಆದಾಯದ ಪ್ರಮಾಣಪತ್ರ, ಅಂಚೆಯ ಇಲ್ಲವೆ ಬ್ಯಾಂಕಿನ ಖಾತೆಯ ಪುಸ್ತಕ, ಇವುಗಳನ್ನು ಕೂಡಿಸಿ, ಮುದುಕಿಯ ಜೊತೆಯಲ್ಲಿ ತಾವೇ ನಾಡಕಚೇರಿಗೆ ಹೋಗಲಿ. ಅರ್ಜಿ ಕೊಟ್ಟದ್ದಕ್ಕೆ ರಸೀತಿಯನ್ನು ಕೇಳಿ ಪಡಕೊಳ್ಳಲಿ. ಬೇಗ ಮಾಡಿಸಿಕೊಡುವೆನೆಂದು ಹಣ ಕೇಳುವ ದಲ್ಲಾಳಿಗೆ ಒಂದು ಕಾಸನ್ನೂ ಕೊಡಬಾರದು. ಓದಿ ಹೇಳಿಸಿಕೊಳ್ಳದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬಾರದು. ಬಂದ ವೇತನವು ಮಗನ ಕೈಯಲ್ಲಿ ಕರಗದೆ ಮುದುಕಿಯ ಸೆರಗಿನ ಗಂಟನ್ನು ಸೇರಿತೋ ಎಂದು ಸಹ ನೋಡಲಿ.

ದಾರಿ ತಿಳಿಯದಿದ್ದರೆ ಫೋನಿನಲ್ಲಿ 14567 ಎಂಬ ಸಂಖ್ಯೆಯನ್ನು ಒತ್ತಿ ಕೇಳಬಹುದು. ಇದು ವೃದ್ಧರಿಗಾಗಿಯೇ 2021ರಲ್ಲಿ ದೇಶದಲ್ಲೆಲ್ಲಾ ತೆರೆಯಲ್ಪಟ್ಟ ಸಹಾಯವಾಣಿ. ಬೆಳಿಗ್ಗೆ 8 ಘಂಟೆಯಿಂದ ರಾತ್ರಿ 8ರ ವರೆಗೆ ಖರ್ಚಿಲ್ಲದೆ ಉತ್ತರ ಸಿಕ್ಕುತ್ತದೆ. ಮನೆಯಲ್ಲಿ ಹಿಂಸೆಯಾದರೂ, ದಿಕ್ಕಿಲ್ಲದ ವೃದ್ಧರು ದಾರಿಯಲ್ಲಿ ಸಿಕ್ಕಿದರೂ ಇದಕ್ಕೆ ತಿಳಿಸಬಹುದು.

ಆದರೂ 1,200 ರೂಪಾಯಿಗಳು ಮುದುಕಿಯ ಜೊತೆಯಲ್ಲಿ ಕೂತು ಊಟಮಾಡಲಾರವು. ರಾತ್ರಿ ಕೆಮ್ಮು ಬಂದಾಗ ಬಿಸಿನೀರು ಕಾಸಿ ಕೊಡಲಾರವು. ವೇತನ ಬಂತೆಂದು ಮಗನು ಕೈ ತೊಳೆದುಕೊಳ್ಳಬಾರದು. ಅರ್ಜಿ ಬರೆದೆವೆಂದು ಸಭೆಯು ಬಾಗಿಲು ತಟ್ಟುವದನ್ನು ಬಿಡಬಾರದು. ನಮ್ಮ ಕರ್ತನನ್ನು ನೋಡಿರಿ. ಶಿಲುಬೆಯ ಮೇಲೆ ಲೋಕದ ಪಾಪಭಾರವನ್ನು ಹೊತ್ತಿದ್ದ ಆ ಘಳಿಗೆಯಲ್ಲಿಯೂ ಆತನು ತಾಯಿಯನ್ನು ಮರೆಯಲಿಲ್ಲ. ಪ್ರಿಯ ಶಿಷ್ಯನಿಗೆ ಆಕೆಯನ್ನು ಒಪ್ಪಿಸಿದನು, ಆ ಶಿಷ್ಯನು ಆಕೆಯನ್ನು ತನ್ನ ಮನೆಗೆ ಸೇರಿಸಿಕೊಂಡನು. ಆತನ ಕೈಗಳು ಮೊಳೆಗಳಿಂದ ಬಂಧಿಸಲ್ಪಟ್ಟಿದ್ದವು. ನಮ್ಮ ಕೈಗಳು ಬಿಡುವಾಗಿವೆಯಲ್ಲಾ!

ಯೆರೂಸಲೇಮಿನಲ್ಲಿ ವಿಧವೆಯರ ಊಟದ ಏರ್ಪಾಡಾದ ತರುವಾಯವೇ ದೇವರ ವಾಕ್ಯವು ಹಬ್ಬಿ ಶಿಷ್ಯರ ಸಂಖ್ಯೆಯು ಬಹಳವಾಗಿ ಬೆಳೆಯಿತೆಂದು ಏಳನೆಯ ವಚನವು ತಿಳಿಸುತ್ತದೆ. ನಮ್ಮ ಊರಿನಲ್ಲಿಯೂ ಜನರು ಮೊದಲು ನೋಡುವದು ನಮ್ಮ ಜಗಲಿಯ ಮೇಲೆ ಕೂತ ಮುದುಕರನ್ನೇ. ಆದಕಾರಣ ಈ ವಾರವೇ, ಆರಾಧನೆ ಮುಗಿದ ಮೇಲೆ, ಆ ಇಬ್ಬರನ್ನು ಆರಿಸಿರಿ; ಮೊದಲನೆಯ ಹೆಸರನ್ನು ಬರೆಯಿರಿ. ನರೆಗೂದಲಿನ ವರೆಗೆ ತನ್ನವರನ್ನು ಹೊತ್ತು ನಡಿಸುವ ದೇವರು ಈ ಕೆಲಸದಲ್ಲಿ ನಮ್ಮೆಲ್ಲರನ್ನು ಬಲಪಡಿಸಲಿ. ಆಮೆನ್.