ಎರಡು ಕಾಲಗಳ ಸಂಗೀತ

ಡ್ರಮ್ ಅಂಡ್ ಬೇಸ್ ಎಂಬ ನೃತ್ಯಸಂಗೀತವು ನಿಂತ ನೀರಾಗಿದೆಯೆಂಬ ಆಕ್ಷೇಪಣೆ ಇಂದುನಿನ್ನೆಯದಲ್ಲ. 1990ರ ದಶಕದ ಆದಿಯಲ್ಲಿ ಜಂಗಲ್ ಎಂಬ ಹೆಸರಿನಿಂದ ಲಂಡನ್ನಿನಲ್ಲಿ ರೂಪುಗೊಂಡ ಈ ಪ್ರಕಾರವು ನಿಮಿಷಕ್ಕೆ ಸುಮಾರು 170 ಬಡಿತಗಳ ವೇಗದಲ್ಲಿ ನೆಲೆನಿಂತ ಮೇಲೆ ಅಲ್ಲಿಂದ ಹೆಚ್ಚು ಕದಲಿಲ್ಲ. ಅದೇ ವೇಗ, ಅದೇ ಮುರಿದ ಲಯ, ಅದೇ ಗಂಭೀರ ಮಂದ್ರನಾದ. ಹೀಗಿರುವಲ್ಲಿ ಹೊಸತೇನು ಹುಟ್ಟೀತೆಂದು ಕೇಳುವವರ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಒಂದೇ ಅಚ್ಚಿನಲ್ಲಿ ಎರಕಹೊಯ್ದಂಥ ಕೃತಿಗಳು ಬರುತ್ತಲೇ ಇರುವುದನ್ನು ನಾನೂ ಬಲ್ಲೆ. ಆದರೆ ದುರ್ಬಲ ಕೃತಿಗಳ ಬಾಹುಳ್ಯವನ್ನು ಕಂಡು ಪ್ರಕಾರವೇ ಗತಿಸಿತೆಂದು ತೀರ್ಮಾನಿಸುವುದಾದರೆ, ಮಾತ್ರೆಗಳ ಲೆಕ್ಕವನ್ನು ಶತಮಾನಗಳ ಕಾಲ ಬದಲಿಸದೆ ಉಳಿಸಿಕೊಂಡ ನಮ್ಮ ಷಟ್ಪದಿಯೂ ಆ ನ್ಯಾಯಾಸನದ ಮುಂದೆ ಬದುಕಿ ಉಳಿಯಲಾರದು.

ರೂಪದ ಸ್ಥಿರತೆ ಬೇರೆ, ಚೈತನ್ಯದ ಜಡತೆ ಬೇರೆ. ಒಂದು ಕಲಾಪ್ರಕಾರವು ಯಾವ ಪ್ರಶ್ನೆಯನ್ನು ಹೊತ್ತು ಹುಟ್ಟಿತೋ ಆ ಪ್ರಶ್ನೆ ತೀರಿಹೋದಾಗ ಮಾತ್ರ ಅದು ಸ್ಥಗಿತವಾಯಿತೆನ್ನಬೇಕು.

ಡ್ರಮ್ ಅಂಡ್ ಬೇಸ್ ಹೊತ್ತು ಹುಟ್ಟಿದ ಪ್ರಶ್ನೆ ಏನೆಂಬುದನ್ನು ಹತ್ತಿರದಿಂದ ನೋಡೋಣ. 1969ರಲ್ಲಿ ಅಮೆರಿಕದ ದಿ ವಿನ್‌ಸ್ಟನ್ಸ್ ತಂಡವು ಧ್ವನಿಮುದ್ರಿಸಿದ 'ಆಮೆನ್, ಬ್ರದರ್' ಎಂಬ ವಾದ್ಯಕೃತಿಯ ನಡುವೆ ಗ್ರೆಗರಿ ಕೋಲ್ಮನ್ ಒಬ್ಬರೇ ಡ್ರಮ್ ನುಡಿಸುವ ನಾಲ್ಕು ಆವರ್ತಗಳುಂಟು. ಅವು ಮುಗಿಯಲು ಸುಮಾರು 7 ಸೆಕೆಂಡುಗಳು ಸಾಕು. ಮೊದಲೆರಡು ಆವರ್ತಗಳು ಒಂದೇ ಬಗೆಯವು. ಮೂರನೆಯದರಲ್ಲಿ ಸ್ನೇರ್ ಡ್ರಮ್ಮಿನ ಕೊನೆಯ ಪೆಟ್ಟು ತುಸು ತಡೆದು ಬೀಳುತ್ತದೆ. ನಾಲ್ಕನೆಯದರಲ್ಲಿ ಮೊದಲ ಬಡಿತದ ಸ್ಥಾನ ಬರಿದಾಗಿ, ಸಿಂಬಲ್ ನಿರೀಕ್ಷೆಗೆ ಮುನ್ನವೇ ಸಿಡಿಯುತ್ತದೆ. ಲಂಡನ್ನಿನ ತರುಣರು ಈ ತುಣುಕನ್ನು ಸ್ಯಾಂಪ್ಲರ್ ಯಂತ್ರಕ್ಕೆ ತುಂಬಿ, ವೇಗವೇರಿಸಿ, ಪೆಟ್ಟುಪೆಟ್ಟಾಗಿ ಕತ್ತರಿಸಿ, ಬೇರೆ ಬೇರೆ ಕ್ರಮದಲ್ಲಿ ಜೋಡಿಸಿದರು. ಅದರ ಕೆಳಗೆ, ಜಮೈಕಾದ ಸೌಂಡ್ ಸಿಸ್ಟಮ್ ಪರಂಪರೆಯಿಂದ ಬಂದ ಬೇಸನ್ನು, ಎಂದರೆ ಮಂದ್ರನಾದವನ್ನು, ಅರ್ಧ ವೇಗದಲ್ಲಿ ನಡೆಯಿಸಿದರು. ಮೇಲೆ 170, ಕೆಳಗೆ 85. ನಮ್ಮ ಸಂಗೀತಗಾರರ ಮಾತಿನಲ್ಲಿ ಹೇಳುವುದಾದರೆ, ಎರಡು ಕಾಲಗಳು ಜೊತೆಜೊತೆಯಾಗಿ ನಡೆಯುತ್ತಿವೆ. ಕುಣಿಯುವವರ ಪಾದ ಒಂದನ್ನು ಹಿಡಿದರೆ ಭುಜ ಇನ್ನೊಂದನ್ನು ಹಿಡಿಯುತ್ತದೆ. ಅವಸರವೂ ಸಮಾಧಾನವೂ ಒಂದೇ ದೇಹದಲ್ಲಿ ಹೇಗೆ ಬಾಳಬಲ್ಲವು ಎಂಬುದೇ ಈ ಸಂಗೀತದ ಪ್ರಶ್ನೆ.

ಇದಕ್ಕೆ ದೊರೆತ ಉತ್ತರಗಳು ಒಂದರಂತೆ ಒಂದಿಲ್ಲ. 1995ರಲ್ಲಿ ಸಂಗೀತಗಾರ ಗೋಲ್ಡಿ 'ಟೈಮ್‌ಲೆಸ್' ಆಲ್ಬಮ್ಮಿನ ಶೀರ್ಷಿಕೆಕೃತಿಯನ್ನು 20 ನಿಮಿಷಕ್ಕೂ ಮೀರಿ ಹರಿಯಬಿಟ್ಟು, ಸಿಡಿಯುವ ಡ್ರಮ್ಮಿನ ಮೇಲೆ ಡಯೇನ್ ಷಾರ್ಲ್‌ಮೇನ್ ಅವರ ಆರ್ದ್ರ ಕಂಠವನ್ನು ತೇಲಿಸಿದರು. 1997ರಲ್ಲಿ ಮರ್ಕ್ಯುರಿ ಪ್ರಶಸ್ತಿ ಪಡೆದ 'ನ್ಯೂ ಫಾರ್ಮ್ಸ್' ಆಲ್ಬಮ್ಮಿನಲ್ಲಿ ಬ್ರಿಸ್ಟಲ್ಲಿನ ರೋನಿ ಸೈಜ್ ಮತ್ತು ರೆಪ್ರಜೆಂಟ್ ತಂಡದವರು ಯಂತ್ರದ ಲಯದ ಪಕ್ಕದಲ್ಲಿಯೇ ಡಬಲ್ ಬೇಸಿನ ತಂತಿಯನ್ನು ಮಿಡಿದರು. 2024ರಲ್ಲಿ ಗಾಯಕಿ ನಿಯಾ ಆರ್ಕೈವ್ಸ್, ತಾವು ಹುಟ್ಟುವ ಮುನ್ನವೇ ಹಳತಾಗಿದ್ದ ಆ ಲಯದ ಮೇಲೆ 'ಸೈಲೆನ್ಸ್ ಈಸ್ ಲೌಡ್' ಎಂಬ ಆಲ್ಬಮ್ಮಿನಲ್ಲಿ ತಮ್ಮ ಒಂಟಿತನವನ್ನು ಹಾಡಿಕೊಂಡರು. ವೇಗವನ್ನು ಬದಲಿಸುವ ಸ್ವಾತಂತ್ರ್ಯ ಇವರಿಗಿತ್ತು. ಅದನ್ನು ಬದಲಿಸದೆ ಉಳಿಸಿಕೊಂಡುದರಿಂದಲೇ ಒಬ್ಬರ ಉತ್ತರ ಮತ್ತೊಬ್ಬರದಕ್ಕಿಂತ ಎಷ್ಟು ಭಿನ್ನವೆಂಬುದು ಕಿವಿಗೆ ಗೋಚರವಾಯಿತು.

ನಾಲ್ಕನೆಯ ಆವರ್ತದ ಆರಂಭದಲ್ಲಿ ಕೋಲ್ಮನ್ ಬಿಟ್ಟ ಆ ಬರಿದು ಜಾಗ ಇಂದಿಗೂ ಅಲ್ಲಿಯೇ ಇದೆ. ಪೆಟ್ಟು ಬೀಳದ ಆ ಕ್ಷಣದಲ್ಲಿ ಕೇಳುವವರ ದೇಹ ತಾನಾಗಿಯೇ ಮುಂದಕ್ಕೆ ವಾಲುತ್ತದೆ. ಹಾಗೆ ವಾಲುವಷ್ಟು ಕಾಲ ಈ ಸಂಗೀತವನ್ನು ನಿಂತ ನೀರೆನ್ನಲು ನನ್ನ ಮನಸ್ಸು ಒಪ್ಪದು.